ಪುಸ್ತಕದ ಬೆಲೆ ಎಲ್ಲಿ ಏರುತ್ತದೆ: ಅರ್ಥಶಾಸ್ತ್ರ ಓದುವವರಿಗೆ ಒಂದು ಟಿಪ್ಪಣಿ

ವಿಜಯಪುರದ ಅಂಗಡಿಯಲ್ಲಿ ಇನ್ನೂರು ಪುಟದ ವಿಮರ್ಶಾ ಗ್ರಂಥವೊಂದಕ್ಕೆ ನಾಲ್ಕು ನೂರು ರೂಪಾಯಿ ಎಣಿಸಿ ಕೊಡುವಾಗ ನಾವೆಲ್ಲ ಬೈಯುವುದು ಕಾಗದದ ದರವನ್ನು. ಸ್ಥಿರ ವೆಚ್ಚ, ಬದಲಾಗುವ ವೆಚ್ಚದ ಪಾಠ ಓದುತ್ತಿರುವವರು ಅದೇ ಪುಸ್ತಕವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಬೈಗುಳದ ದಿಕ್ಕು ಬದಲಾಗುತ್ತದೆ.

ಅಂಕಿಗಳನ್ನು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡಿದ್ದೇನೆ. ವಿಧಾನ ಮಾತ್ರ ಎಲ್ಲ ಪ್ರಕಾಶಕರದೂ ಒಂದೇ. ಪುಸ್ತಕ ಡೆಮಿ 1/8 ಆಕಾರದ್ದು (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ), 208 ಪುಟ. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ 13 ಫಾರಂ. (ಹಸ್ತಪ್ರತಿ 210 ಪುಟಕ್ಕೆ ಬಂದರೆ ಮುದ್ರಕರು ಮುಖ ಸಿಂಡರಿಸುವುದು ಇದಕ್ಕೇ: ಎರಡು ಪುಟಕ್ಕಾಗಿ ಮತ್ತೊಂದು ಫಾರಂ ಏರಿಸಬೇಕು.) ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ), ಕರಡು ತಿದ್ದುವಿಕೆ, ಮುಖಪುಟ, ಪ್ಲೇಟು, ಯಂತ್ರ ಹೊಂದಿಸುವ ಕೂಲಿ ಸೇರಿ 40,000 ರೂಪಾಯಿ ಆಯಿತೆನ್ನಿ. ಒಂದು ಪ್ರತಿ ಅಚ್ಚಾದರೂ ಐದು ಸಾವಿರ ಅಚ್ಚಾದರೂ ಈ ಮೊತ್ತ ಕದಲುವುದಿಲ್ಲ; ಇದೇ ಸ್ಥಿರ ವೆಚ್ಚ. ಕಾಗದ, ಮುದ್ರಣ, ಬೈಂಡಿಂಗ್ ಪ್ರತಿಯೊಂದಕ್ಕೆ 60 ರೂಪಾಯಿ; ಇದು ಬದಲಾಗುವ ವೆಚ್ಚ.

ಐದು ಸಾವಿರ ಪ್ರತಿ ಹಾಕಿಸಿದರೆ ಒಂದರ ತಯಾರಿಕಾ ವೆಚ್ಚ 68 ರೂಪಾಯಿ. ಸಾವಿರಕ್ಕೆ 100. ಐನೂರಕ್ಕೆ 140. ಮುನ್ನೂರಕ್ಕೆ ಇಳಿದರೆ 193. ಕಾಗದ ಅದೇ, ಯಂತ್ರ ಅದೇ. ಸರ್ಕಾರಿ ಶಾಲೆಯ ಪಠ್ಯಪುಸ್ತಕ ಅಷ್ಟು ಅಗ್ಗಕ್ಕೆ ಸಿಗುವುದರ ಒಂದು ಕಾರಣವೂ ಇಲ್ಲಿದೆ: ಲಕ್ಷಗಟ್ಟಲೆ ಅಚ್ಚಾಗುವಾಗ ಸ್ಥಿರ ವೆಚ್ಚ ಪೈಸೆಗಳಲ್ಲಿ ಕರಗಿಹೋಗುತ್ತದೆ.

ಈಗ ಮಾರುಕಟ್ಟೆಗೆ ಬನ್ನಿ. ಮುಖಬೆಲೆಯಲ್ಲಿ ವಿತರಕರು, ಅಂಗಡಿಯವರು ಸೇರಿ ಶೇ 40 ರಿಯಾಯಿತಿ ಪಡೆದರು, ಲೇಖಕರಿಗೆ ಶೇ 10 ಗೌರವಧನ ಹೋಯಿತು ಎಂದುಕೊಳ್ಳೋಣ. ಪ್ರಕಾಶಕರ ಕೈಗೆ ಬರುವುದು ಅರ್ಧ. ಐನೂರು ಪ್ರತಿಗೆ ಹಾಕಿದ ಬಂಡವಾಳ 70,000. ಎಲ್ಲವೂ ಮಾರಾಟವಾದರೆ 280 ರೂಪಾಯಿ ಮುಖಬೆಲೆಗೆ ಅಸಲು ಬರುತ್ತದೆ. ಆದರೆ ಎಲ್ಲವೂ ಮಾರಾಟವಾಗುವ ಊರು ಯಾವುದು? ಗೌರವ ಪ್ರತಿ, ವಿಮರ್ಶೆಗೆ ಕಳಿಸಿದ್ದು, ಅಂಗಡಿಯಿಂದ ಅಂಚು ಮಾಸಿ ವಾಪಸು ಬಂದಿದ್ದು, ಗೋದಾಮಿನಲ್ಲಿ ಗೆದ್ದಲಿಗೆ ಬಿದ್ದದ್ದು ಕಳೆದು 350 ಮಾತ್ರ ಹಣವಾಯಿತೆನ್ನಿ. ಆಗ ಮುಖಬೆಲೆ 400 ಇಡಲೇಬೇಕು. ನೀವು ಕೊಟ್ಟ 400ರಲ್ಲಿ 120 ರೂಪಾಯಿ ಯಾರೂ ಕೊಳ್ಳದ ಪ್ರತಿಗಳಿಗಾಗಿ ತೆತ್ತದ್ದು. ಇದರಲ್ಲಿ ಇನ್ನೂ ಲಾಭ ಸೇರಿಲ್ಲ, ಉದ್ದರಿ ಕೊಟ್ಟ ಹಣ ತಿರುಗಿ ಬರುವವರೆಗಿನ ಬಡ್ಡಿಯೂ ಸೇರಿಲ್ಲ.

ತೆರಿಗೆಯ ಬಗ್ಗೆ ಒಂದು ಮಾತು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಓದುಗರಿಗೆ ಒಳ್ಳೆಯದೇ. ಆದರೆ ಮಾರಾಟದ ಮೇಲೆ ತೆರಿಗೆ ಇಲ್ಲದ್ದರಿಂದ ಕಾಗದ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಪ್ರಕಾಶಕರು ಮಾರಾಟದ ತೆರಿಗೆಯಲ್ಲಿ ಕಳೆದು ಹೊಂದಿಸಿಕೊಳ್ಳುವಂತಿಲ್ಲ. ಅದು ವೆಚ್ಚದೊಳಗೇ ಅಡಗಿ ಬೆಲೆಯಾಗಿ ಹೊರಬರುತ್ತದೆ. ಪರೀಕ್ಷೆಯಲ್ಲಿ 'ವಿನಾಯಿತಿ' ಎಂದ ಕೂಡಲೇ 'ಹೊರೆಯಿಲ್ಲ' ಎಂದು ಬರೆಯಬೇಡಿ.

ಗೌರವಧನವೇ ಹೊರೆ ಎನ್ನುವವರಿಗೆ ನಮ್ಮ ಊರಿನದೇ ಉತ್ತರವಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆಗಳಿಂದ ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಹನ್ನೆರಡನೆಯ ಶತಮಾನದ ವಚನಕಾರರಿಗೆ ಯಾರೂ ಗೌರವಧನ ಕೊಡಬೇಕಾಗಿರಲಿಲ್ಲ. ಆದರೂ ಖರ್ಚು ಕೈ ಮೀರುವಂಥದ್ದೇ. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಆರಂಭಿಸಿದರು. ಮರುವರ್ಷ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆಗಳು ಹೊರಟವು. ಅವರ ಉದ್ದೇಶ ವ್ಯಾಪಾರವಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕದ ಕಣ್ಣಿನಿಂದ ನೋಡಿದರೆ ಮಾತ್ರ, ಸ್ವಂತ ಯಂತ್ರವೆಂದರೆ ಇನ್ನೂ ದೊಡ್ಡ ಸ್ಥಿರ ವೆಚ್ಚ. ಸುಮ್ಮನೆ ನಿಂತ ಯಂತ್ರ ದಿನವೂ ನಷ್ಟ. ನಿಯಮಿತವಾಗಿ ಬರುವ ಪತ್ರಿಕೆ ಅಂಥ ಯಂತ್ರಕ್ಕೆ ಕೆಲಸ ಒದಗಿಸುತ್ತದೆ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಲೇಖಕರು ತೀರಿದ ನಂತರ 60 ವರ್ಷ ಹಕ್ಕುಸ್ವಾಮ್ಯವಿರುವುದರಿಂದ ಅವರ ಬರಹಗಳ ಹಕ್ಕು 2024ರ ಕೊನೆಗೆ ಮುಗಿದಿದೆ. ಇಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮೇಲಿನ ಲೆಕ್ಕದಲ್ಲಿ ಗೌರವಧನ ತೆಗೆದರೂ 400ರ ಪುಸ್ತಕ ಸುಮಾರು 333ಕ್ಕೆ ಇಳಿಯುತ್ತದೆ, ಅಷ್ಟೇ.

ಹಾಗಾದರೆ ಕಡಿಮೆ ಪ್ರತಿಗಳ ಕನ್ನಡ ಪುಸ್ತಕ ಬದುಕುವುದು ಹೇಗೆ? ಬಹುಮಟ್ಟಿಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿಂದ. ಅದರ ಹಣದ ಒಂದು ಮೂಲ ನಾವು ಆಸ್ತಿ ತೆರಿಗೆಯೊಡನೆ ಕಟ್ಟುವ ಶೇ 6ರ ಗ್ರಂಥಾಲಯ ಕರ. ಖರೀದಿಯಲ್ಲಿ ಪುಟಕ್ಕೆ ಇಷ್ಟು ಎಂದು ದರ ನಿಗದಿಯಾಗುತ್ತದೆ. ಹೀಗಾಗಿ ಪುಟ ಹೆಚ್ಚಿಸುವ ಆಸೆ ಹುಟ್ಟುವುದು ಸಹಜ. ಅಗಲ ಅಂಚು, ದಪ್ಪ ಅಕ್ಷರದ ಕೆಲವು ಪುಸ್ತಕಗಳನ್ನು ಕಂಡಾಗ ನನಗಂತೂ ಇದೇ ನೆನಪಾಗುತ್ತದೆ. ಖರೀದಿ ಒಂದು ವರ್ಷ ತಡವಾದರೆ ಸಣ್ಣ ಪ್ರಕಾಶಕರ ಮುಂದಿನ ಪುಸ್ತಕವೇ ನಿಂತುಹೋಗುತ್ತದೆ.

ಬೇಡಿಕೆ ಬಂದಷ್ಟೇ ಪ್ರತಿ ತೆಗೆಯುವ ಡಿಜಿಟಲ್ ಮುದ್ರಣ ಈ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಬಿಡಿಸುತ್ತದೆ. ಅಭ್ಯಾಸಕ್ಕೆ ಇದನ್ನು ಮಾಡಿ ನೋಡಿ: 40,000ದಲ್ಲಿ ಪ್ಲೇಟು ಮತ್ತು ಯಂತ್ರ ಹೊಂದಿಸುವ 15,000 ಉಳಿತಾಯವಾಗುತ್ತದೆ, ಆದರೆ ಪ್ರತಿಯ ಖರ್ಚು 60ರ ಬದಲು 120. ಎಷ್ಟು ಪ್ರತಿಗಳವರೆಗೆ ಡಿಜಿಟಲ್ ಅಗ್ಗ? 15,000ವನ್ನು ವ್ಯತ್ಯಾಸವಾದ 60ರಿಂದ ಭಾಗಿಸಿದರೆ 250 ಬರುತ್ತದೆ. ಅದಕ್ಕಿಂತ ಕಡಿಮೆ ಮಾರಾಟವಾಗುವ ಕವನ ಸಂಕಲನಕ್ಕೆ ಆಫ್‌ಸೆಟ್ (ಪ್ಲೇಟು ಕಟ್ಟಿ ಅಚ್ಚು ಹಾಕುವ ವಿಧಾನ) ಹಿಡಿಯುವುದು ಗೆದ್ದಲಿಗೆ ಊಟ ಹಾಕಿದಂತೆ.