ದೊಂಬರಾಟ, ಹಗಲುವೇಷ, ಬರ್ಬರ: ತಲೆಬರಹದಲ್ಲಿ ಅಡಗಿರುವ ಹೆಸರುಗಳು

ಶಾಸಕರು ರೆಸಾರ್ಟ್ ಸೇರಿದರೆ ಸಾಕು, ‘ರಾಜಕೀಯ ದೊಂಬರಾಟ’ ಎಂಬ ತಲೆಬರಹ ತಾನಾಗಿ ಬಂದು ಕೂರುತ್ತದೆ. ಬರೆದವರಿಗೆ ಯಾರನ್ನೂ ಹೀಯಾಳಿಸುವ ಉದ್ದೇಶ ಇರುವುದಿಲ್ಲ. ಪದದೊಳಗೆ ಒಂದು ಸಮುದಾಯದ ಹೆಸರಿದೆ ಎಂಬುದೇ ಮರೆತುಹೋಗಿರುತ್ತದೆ. ದೊಂಬರು ಕರ್ನಾಟಕದ 101 ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವವರು. ಬಿದಿರು ಗಳುಗಳ ನಡುವೆ ಹಗ್ಗ ಬಿಗಿದು, ಕೈಯಲ್ಲೊಂದು ಕೋಲು ಹಿಡಿದು, ವಾದ್ಯದ ಲಯಕ್ಕೆ ಹಗ್ಗದ ಮೇಲೆ ನಡೆಯುವುದು ಅವರ ಕಸುಬು. ಬಿಗಿತ ಸ್ವಲ್ಪ ಸಡಿಲವಾದರೂ ಕೈಕಾಲು ಮುರಿಯುತ್ತದೆ. ಬಾಲ್ಯದಿಂದ ಮೈಗೂಡಿಸಿಕೊಂಡ ಅಂಥ ವಿದ್ಯೆಯ ಹೆಸರನ್ನು ಪಕ್ಷಾಂತರಕ್ಕೆ ಅಂಟಿಸುವುದು ಅನ್ಯಾಯ.

ಹಾಗೆಂದು ಬೇರಿನಲ್ಲಿ ಹೀಯಾಳಿಕೆ ಇರುವ ಪದಗಳನ್ನೆಲ್ಲ ಕಿತ್ತುಹಾಕಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಆ ಹೆಸರು ಹೊತ್ತ ಜನ ಇಂದೂ ನಮ್ಮ ನಡುವೆ ಇದ್ದಾರೆಯೇ?

‘ಬರ್ಬರ ಹತ್ಯೆ’ಯನ್ನೇ ನೋಡಿ. ಸಂಸ್ಕೃತದ ‘ಬರ್ಬರ’, ಗ್ರೀಕರ ‘ಬಾರ್ಬರೋಸ್’ ಎರಡೂ ಅರ್ಥವಾಗದ ಮಾತನ್ನು, ತೊದಲನ್ನು ಅಣಕಿಸಿ ಪರಕೀಯರಿಗೆ ಇಟ್ಟ ಹೆಸರುಗಳು. ಮಹಾಭಾರತದಲ್ಲಿ ಶಕರು, ಯವನರ ಸಾಲಿನಲ್ಲಿ ಬರ್ಬರರೂ ಬರುತ್ತಾರೆ. ಕನ್ನಡ ಓದುಗರಲ್ಲಿ ಇದನ್ನು ತಮ್ಮ ಹೆಸರೆಂದು ಕೇಳಿಸಿಕೊಳ್ಳುವವರಿಲ್ಲ, ಆದ್ದರಿಂದ ಪದ ಉಳಿಯಬಹುದು. ಆದರೆ ಮೊರಾಕೊ, ಅಲ್ಜೀರಿಯಾಗಳ ಮೂಲನಿವಾಸಿಗಳ ಬಗ್ಗೆ ಬರೆಯುವಾಗ ‘ಬರ್ಬರರು’ ಬೇಡ, ‘ಅಮಾಜಿಗ್’ ಎನ್ನಿ. ಅವರು ತಮ್ಮನ್ನು ಕರೆದುಕೊಳ್ಳುವುದೇ ಹಾಗೆ. ಅವರ ಭಾಷೆಗೆ ಮೊರಾಕೊದ ಸಂವಿಧಾನ 2011ರಲ್ಲಿ ಅಧಿಕೃತ ಸ್ಥಾನ ಕೊಟ್ಟಿದೆ.

‘ಪಾಷಂಡಿ’ಯದ್ದು ತಿರುವುಮುರುವು ಕಥೆ. ಅಶೋಕನ 12ನೇ ಬಂಡೆಶಾಸನದಲ್ಲಿ ‘ಪಾಷಂಡ’ ಎಂದರೆ ಬರೀ ಮತ, ಪಂಥ. ಎಲ್ಲ ಪಾಷಂಡಗಳನ್ನೂ ಗೌರವಿಸುತ್ತೇನೆ ಎನ್ನುತ್ತಾನೆ ರಾಜ. ಆ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಮುಂದೆ ಆ ಪದ ವೇದ ಒಪ್ಪದವರನ್ನು ಜರೆಯಲು ಬಳಕೆಯಾಗಿ, ಈಗ ಢೋಂಗಿ ಎಂಬ ಅರ್ಥಕ್ಕೆ ಬಂದು ನಿಂತಿದೆ.

‘ಹಜಾಮ’ದ ಮೂಲ ಅರಬ್ಬಿ. ಬಟ್ಟಲು ಕೂರಿಸಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕನೇ ಹಜ್ಜಾಮ. ಮೂಲದಲ್ಲಿ ಕಸುಬಿನ ಹೆಸರಾದರೂ ಇಂದು ಅದು ಬೈಗುಳ, ಬಳಸಬಾರದು. ಸುಪ್ರೀಂ ಕೋರ್ಟ್ ಕೂಡ 2008ರಲ್ಲಿ ಸ್ವರ್ಣ ಸಿಂಗ್ ಪ್ರಕರಣದಲ್ಲಿ, ಜಾತಿಸೂಚಕ ಪದವೊಂದರ ವ್ಯುತ್ಪತ್ತಿಯನ್ನಲ್ಲ, ಬಳಕೆಯಲ್ಲಿ ಅದು ಪಡೆದಿರುವ ಅರ್ಥವನ್ನು ನೋಡಬೇಕು ಎಂದಿತು. ಪದ ತಿದ್ದುವವರಿಗೂ ಇದು ಸರಿಯಾದ ಅಳತೆಗೋಲು.

ಬದಲಿ ಪದ ಹುಡುಕುವಾಗಲೇ ಹೆಚ್ಚು ಎಡವುವುದು. ‘ದೊಂಬರಾಟ’ ತೆಗೆದು ‘ಹಗಲುವೇಷ’ ಹಾಕುತ್ತಾರೆ. ಹಗಲುವೇಷದವರೂ ಅಲೆಮಾರಿ ಕಲಾವಿದರೇ. ‘ಬುಡಬುಡಿಕೆ ಮಾತು’ ಎಂದರೂ ಅದೇ ಗತಿ. ಹೋಲಿಕೆಯನ್ನೇ ಬಿಟ್ಟು ನಡೆದದ್ದನ್ನು ಬರೆದರೆ ಸುದ್ದಿಯೂ ಗಟ್ಟಿಯಾಗುತ್ತದೆ: ‘ಬೆಳಿಗ್ಗೆ ರಾಜೀನಾಮೆ, ಸಂಜೆ ವಾಪಸ್’.

ಹಳೆಯ ಬರಹಗಳಲ್ಲಿ ಈ ಪದ ಹುಡುಕುವಾಗ ‘ದೊಂಬರಾಟ’ ಎಂದಷ್ಟೇ ಕೊಟ್ಟರೆ ‘ಡೊಂಬರಾಟ’ ತಪ್ಪಿಸಿಕೊಳ್ಳುತ್ತದೆ. ‘ಬರಾಟ’ ಎಂದು ಹುಡುಕಿದರೆ ಎರಡೂ ಸಿಗುತ್ತವೆ, ವಿಭಕ್ತಿ ಪ್ರತ್ಯಯ ಹತ್ತಿದ ರೂಪಗಳೂ ಬರುತ್ತವೆ. ಒಟ್ಟಿಗೇ ಬದಲಿಸುವ ಗುಂಡಿ ಮಾತ್ರ ಒತ್ತಬೇಡಿ. ದೊಂಬರ ಕಲೆಯ ಬಗೆಗಿನ ಲೇಖನದಲ್ಲಿ ಆ ಪದ ಇರಲೇಬೇಕು, ಅಲ್ಲಿ ಅದು ಅವರದೇ ಹೆಸರು.

ಮುಖಂಡರೊಬ್ಬರು ಭಾಷಣದಲ್ಲಿ ಇಂಥ ಪದ ಆಡಿದರೆ ತಲೆಬರಹಕ್ಕೆ ತರಬೇಡಿ, ವರದಿಯಲ್ಲಿ ಸಾರಾಂಶ ಕೊಡಿ. ಆ ಪದಕ್ಕೇ ಸಮುದಾಯ ಆಕ್ಷೇಪಿಸಿ ಅದೇ ಸುದ್ದಿಯಾದರೆ ಒಮ್ಮೆ ಮಾತ್ರ, ಉದ್ಧರಣ ಚಿಹ್ನೆಯೊಳಗೆ, ಆಡಿದವರ ಹೆಸರಿನೊಂದಿಗೆ ಬರೆಯಿರಿ. ಸಮುದಾಯದವರ ಪ್ರತಿಕ್ರಿಯೆಯನ್ನೂ ಅದೇ ವರದಿಯಲ್ಲಿ ಸೇರಿಸಿ, ಮರುದಿನಕ್ಕೆ ಉಳಿಸಬೇಡಿ.