ಪೆಟ್ಟಿಗೆಯಿಂದ ಮಡಿಲಿಗೆ ಬಂದ ಪವರ್ ಬ್ಯಾಂಕ್

ಗಲ್ಫಿಗೆ ಹೊರಟವರ ಪೆಟ್ಟಿಗೆ ಕಟ್ಟುವುದೆಂದರೆ ಕಾಸರಗೋಡಿನ ಮನೆಗಳಲ್ಲಿ ಅರ್ಧ ದಿನದ ಕೆಲಸ. ಹಲಸಿನ ಹಪ್ಪಳ ಒಡೆಯದಂತೆ ಲುಂಗಿಯಲ್ಲಿ ಸುತ್ತಿ, ಉಪ್ಪಿನಕಾಯಿ ಜಾಡಿಗೆ ಟೇಪು ಬಿಗಿದು, ಹಗ್ಗ ಹಾಕಿದ ಪೆಟ್ಟಿಗೆಯನ್ನು ಮಂಗಳೂರು ವಿಮಾನ ನಿಲ್ದಾಣದಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ. ಒಳಗೆ ಪವರ್ ಬ್ಯಾಂಕ್ ಕಂಡಿರುತ್ತದೆ, ಅದನ್ನು ತೆಗೆದು ಕೈಚೀಲಕ್ಕೆ ಹಾಕಬೇಕು. ಬೆಂಕಿ ಹಿಡಿಯುವ ವಸ್ತುವನ್ನು ನಮ್ಮ ಪಕ್ಕದಲ್ಲೇ ಕೂರಿಸುವುದೇಕೆ ಎಂದು ಕೇಳುವವರಿದ್ದಾರೆ. ದಡ್ಡ ಪ್ರಶ್ನೆಯೇನಲ್ಲ.

ಪವರ್ ಬ್ಯಾಂಕಿನೊಳಗಿರುವ ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಎರಡು ದಶಕಗಳಲ್ಲಿ ಎಲ್ಲರ ಜೇಬಿಗೂ ಇಳಿಯಿತು. ನಿಯಮಗಳಿಗೆ ಆ ವೇಗವಿರಲಿಲ್ಲ.

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಬೋಯಿಂಗ್ 747 ಸರಕು ವಿಮಾನದಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಬೆಂಕಿಯ ಎಚ್ಚರಿಕೆ ಮೊಳಗಿದ ಮೇಲೆ ಹೊಗೆ ಎಷ್ಟು ತುಂಬಿತೆಂದರೆ, ಪೈಲಟ್‌ಗಳಿಗೆ ಎದುರಿನ ಮೀಟರುಗಳೇ ಕಾಣಲಿಲ್ಲ. ಅರ್ಧ ಗಂಟೆಯೊಳಗೆ ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಉರಿದು 158 ಮಂದಿ ತೀರಿಕೊಂಡಿದ್ದರು. ಆ ಶೋಕ ಆರದಿದ್ದ ನಮ್ಮ ಜಿಲ್ಲೆಯಲ್ಲಿ ಈ ಸುದ್ದಿಗೆ ಕಿವಿಗೊಟ್ಟವರು ಕಡಿಮೆ.

ತೊಡಕು ಇರುವುದು ಬೆಂಕಿಯ ಸ್ವಭಾವದಲ್ಲಿ. ಬ್ಯಾಟರಿಯ ಒಂದು ಸೆಲ್ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಅದು ಮುಂದಿನದನ್ನು. ಸರಕು ತುಂಬುವ ವಿಮಾನದ ಹೊಟ್ಟೆಯಲ್ಲಿರುವ, ಬೆಂಕಿ ನಂದಿಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸೀತು, ಸೆಲ್ಲಿನೊಳಗಿನ ಕಾವನ್ನಲ್ಲ. ಅದಕ್ಕೆ ನೀರು ಸುರಿಯಬೇಕು, ಸುರಿಯಲು ಮನುಷ್ಯ ಬೇಕು. ಹಾಗಾಗಿಯೇ ಪವರ್ ಬ್ಯಾಂಕಿನಂಥ ಬಿಡಿ ಬ್ಯಾಟರಿಗಳಿಗೆ ಕೈಚೀಲದಲ್ಲಿ ಮಾತ್ರ ಜಾಗ. ಪ್ರಯಾಣಿಕ ವಿಮಾನದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನೇ ಸರಕಾಗಿ ಸಾಗಿಸುವುದು ನಿಂತದ್ದು 2016ರ ಏಪ್ರಿಲ್ 1ರಿಂದ. ಸರಕು ವಿಮಾನದಲ್ಲೂ ಚಾರ್ಜ್ ಶೇ 30 ಮೀರುವಂತಿಲ್ಲ. ದುಬೈನ ದುರಂತದಿಂದ ಈ ನಿಯಮಕ್ಕೆ ಐದೂವರೆ ವರ್ಷ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನವೊಂದು ಸುಟ್ಟುಹೋಯಿತು. ಎಲ್ಲರೂ ಬದುಕುಳಿದರು. ತಲೆಯ ಮೇಲಿನ ಗೂಡಿನಲ್ಲಿದ್ದ ಪವರ್ ಬ್ಯಾಂಕ್ ಮೇಲೆ ಅನುಮಾನ ಬಿತ್ತು. ಮಾರ್ಚ್‌ನಿಂದ ಆ ದೇಶದ ವಿಮಾನಗಳಲ್ಲಿ ಪವರ್ ಬ್ಯಾಂಕಿಗೆ ಗೂಡೂ ನಿಷಿದ್ಧ. ಅಕ್ಟೋಬರ್‌ನಿಂದ ದುಬೈನ ಎಮಿರೇಟ್ಸ್ ವಿಮಾನ ಸಂಸ್ಥೆ ತಲೆಗೊಂದಕ್ಕೆ ಮಿತಿ ಹಾಕಿ, ಹಾರಾಟದಲ್ಲಿ ಬಳಸುವುದನ್ನೂ ನಿಲ್ಲಿಸಿತು. ಕಾರ್ಖಾನೆಯ ಬಾಗಿಲಲ್ಲಿ ಬಿಗಿಯಾಗಬೇಕಿದ್ದ ಕಾವಲು ಹೀಗೆ ಸರಿದು ಸರಿದು ಪ್ರಯಾಣಿಕನ ಮಡಿಲಿಗೆ ಬಂದಿದೆ.

ಲೆಕ್ಕವನ್ನೂ ಅವನೇ ಮಾಡಬೇಕು. ನಿಯಮದ ಭಾಷೆ ವ್ಯಾಟ್ ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ: ಅನುಮತಿಯಿಲ್ಲದೆ 100ರವರೆಗೆ, ವಿಮಾನ ಸಂಸ್ಥೆ ಒಪ್ಪಿದರೆ 160ರವರೆಗೆ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಮಿಲಿಆಂಪಿಯರ್ ಅವರ್. 20,000 ಎಂದಿದ್ದರೆ ಸಾವಿರದಿಂದ ಭಾಗಿಸಿ, ಸೆಲ್ಲಿನ ವೋಲ್ಟೇಜ್ ಆದ 3.7ರಿಂದ ಗುಣಿಸಬೇಕು, 74 ಬರುತ್ತದೆ, ಕೊಂಡೊಯ್ಯಬಹುದು. ಜೇಬಿನಲ್ಲಿ ತಿಕ್ಕಿ ಅಕ್ಷರವೇ ಅಳಿಸಿದ್ದರೆ ಅದು ತಪಾಸಣೆಯ ಬುಟ್ಟಿಯಲ್ಲೇ ಉಳಿಯುವ ಸಂಭವ ಹೆಚ್ಚು, ಹಪ್ಪಳ ದುಬೈ ಸೇರಿದರೂ.