ಕೌನ್ಸೆಲರ್ ಮೇಡಂ ಮುಂದೆ ಯಾರ ಬಗ್ಗೆ ಮಾತಾಡ್ತೀರಿ?

ಹರಿಹರದ ಕಡೆಯವರೊಬ್ರು ಹೋದ ವರ್ಷ ನನ್ನ ವಕೀಲಿ ಆಫೀಸಿಗೆ ಬಂದಾಗ ಒಂದು ಫೈಲ್ ತಂದಿದ್ರು, ತಕ್ಕಡಿಗೆ ಹಾಕಿದ್ರೆ ಎರಡು ಕೆಜಿ ತೂಗ್ತಿತ್ತೇನೋ. ಹೆಂಡ್ತಿ ಕಳಿಸಿದ ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟು, ಮಾವ ಬೈದಿದ್ದ ಕಾಲ್ ರೆಕಾರ್ಡಿಂಗನ್ನ ಟೈಪ್ ಮಾಡಿಸಿದ್ದು, ಮದುವೆ ಛತ್ರದ ಬಿಲ್ಲು, ಎಲ್ಲಾ ಡೇಟ್ ಪ್ರಕಾರ, ಮೇಲೊಂದು ಇಂಡೆಕ್ಸ್ ಬೇರೆ. ಆರು ವರ್ಷದ ಮಗಳು ಹೊನ್ನಾಳಿ ಹತ್ರ ತಾಯಿ ತವರುಮನೇಲಿ ಇದ್ದಾಳೆ, ಎಂಟು ತಿಂಗಳಿಂದ ಮುಖ ನೋಡಿಲ್ಲ, ವಿಸಿಟೇಷನ್‌ಗೆ ಐಎ (ಮಧ್ಯಂತರ ಅರ್ಜಿ) ಹಾಕಿದ್ದಾಯ್ತು, ಜಡ್ಜು ಕೌನ್ಸೆಲರ್ ಹತ್ರ ಕಳಿಸಿದಾರೆ, ನಾಳೆ ಹೋಗ್ಬೇಕು. "ಇದನ್ನೆಲ್ಲಾ ಅವರಿಗೆ ತೋರಿಸ್ತೀನಿ ಮೇಡಂ, ಇವಳ ಬಣ್ಣ ಬಯಲಾಗ್ಲಿ" ಅಂದ್ರು. ನಾನು ಫೈಲ್ ಮುಚ್ಚಿ ಪಕ್ಕಕ್ಕಿಟ್ಟು ಮಗಳು ರಾತ್ರಿ ಹೆಂಗೆ ಮಲಗ್ತಾಳೆ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, ನನ್ನ ಕಿವಿ ಹಿಡ್ಕೊಂಡೇ ಮಲಗೋದು ಮೇಡಂ, ಬಿಡಿಸಿಕೊಂಡ್ರೆ ಎದ್ದುಬಿಡ್ತಿದ್ಲು, ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ನನಗೆ ಕುತ್ತಿಗೆ ನೋವು ಬಂದಿತ್ತು ಅಂದ್ರು. ಅಷ್ಟು ದಪ್ಪ ಫೈಲಲ್ಲಿ ಈ ಮಾತು ಎಲ್ಲೂ ಇರ್ಲಿಲ್ಲ.

ದಾವಣಗೆರೆ ಫ್ಯಾಮಿಲಿ ಕೋರ್ಟಲ್ಲಿ ಮಕ್ಕಳ ಕೇಸು ನಡೆಸ್ತಾ ಬಂದಿರೋಳಾಗಿ ಹೇಳ್ತೀನಿ, ಜನ ಎಡವೋದು ಜಡ್ಜ್ ಮುಂದೆ ಅಲ್ಲ, ಈ ಕೌನ್ಸೆಲರ್ ಕೋಣೇಲಿ. (ಇಲ್ಲಿ ಹೇಳೋ ಕೇಸುಗಳ ಊರು, ವಯಸ್ಸು, ವಿವರ ಎಲ್ಲಾ ಗುರುತು ಸಿಗದ ಹಂಗೆ ಬದಲಾಯಿಸಿದೀನಿ.)

ಮೊದ್ಲು ಇವರು ಯಾರು ಅಂತ ತಿಳ್ಕೊಳ್ರಿ, ಯಾಕಂದ್ರೆ ಅರ್ಧ ಜನಕ್ಕೆ ಅಲ್ಲೇ ಗೊಂದಲ. ಫ್ಯಾಮಿಲಿ ಕೋರ್ಟ್ಸ್ ಆಕ್ಟ್ 1984ರ ಸೆಕ್ಷನ್ 6ರಲ್ಲಿ ಕೋರ್ಟಿಗೆ ಕೌನ್ಸೆಲರ್‌ಗಳನ್ನ ಕೊಡೋ ವ್ಯವಸ್ಥೆ ಐತೆ, ಸೆಕ್ಷನ್ 12ರ ಪ್ರಕಾರ ಜಡ್ಜು ಡಾಕ್ಟರನ್ನೋ, ಕುಟುಂಬ ಕಲ್ಯಾಣದ ಕೆಲಸ ಮಾಡೋ ಬೇರೆ ಯಾರನ್ನಾದ್ರೂ, ಸಾಧ್ಯವಾದ್ರೆ ಹೆಣ್ಣುಮಕ್ಕಳನ್ನೇ, ಸಹಾಯಕ್ಕೆ ಕರೀಬಹುದು. ಮಕ್ಕಳ ಕಲ್ಯಾಣ ಸಮಿತಿ ಅನ್ನೋದು ಇದಲ್ಲ, ಅದು 2015ರ ಬಾಲನ್ಯಾಯ ಕಾಯ್ದೆ ಅಡಿ ಬರೋದು, ಪಾಲನೆ ರಕ್ಷಣೆ ಇಲ್ಲದ ಮಕ್ಕಳಿಗೆ. ಗಂಡ ಹೆಂಡ್ತಿ ಜಗಳದಲ್ಲಿ ಮಗು ಯಾರ ಹತ್ರ ಇರ್ಬೇಕು ಅಂತ ತೀರ್ಮಾನ ಮಾಡೋ ಜಾಗ ಅದಲ್ಲ, ಆದ್ರೂ ಸಮಿತಿಗೆ ಹೋದ್ರೆ ಮಗು ಕೊಡಿಸ್ತಾರಂತೆ ಅಂತ ಯಾರೋ ಹೇಳಿದ್ದು ಕೇಳಿ ಅಲ್ಲಿಗೆ ಓಡಾಡಿ ಮೂರು ನಾಲ್ಕು ತಿಂಗಳು ಹಾಳು ಮಾಡ್ಕೊಂಡವರು ನಮ್ಮ ಹತ್ರ ಬರ್ತಾನೇ ಇರ್ತಾರೆ.

ಇನ್ನೊಂದು ವಿಷಯ. ಡೈವೋರ್ಸ್ ಮೀಡಿಯೇಷನ್ನಲ್ಲಿ, ಅಂದ್ರೆ ರಾಜಿ ಮಾತುಕತೇಲಿ, ಆಡಿದ ಮಾತು ಹೊರಗೆ ಬರಲ್ಲ ಅಂತ ಕೇಳಿರ್ತೀರಿ, ಅದು ಸರಿನೇ. ಆದ್ರೆ ಮಗು ಯಾರ ಹತ್ರ ಇರ್ಬೇಕು ಅನ್ನೋ ಕಸ್ಟಡಿ ಕೇಸಲ್ಲಿ ಕೌನ್ಸೆಲರ್ ಕೊಡೋ ರಿಪೋರ್ಟಿಗೆ ಆ ಗುಟ್ಟಿನ ರಕ್ಷಣೆ ಇಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲಿ ಪೆರ್ರಿ ಕನ್ಸಾಗ್ರ ಕೇಸಲ್ಲಿ ಹೇಳಿದೆ, ಮಗುವಿನ ಹಿತ ನೋಡೋದಕ್ಕೆ ಕೋರ್ಟಿಗೆ ಅದು ಬೇಕು ಅಂತ. ಅದರ ಜತೆ ಫ್ಯಾಮಿಲಿ ಕೋರ್ಟ್ಸ್ ಆಕ್ಟಿನ ಸೆಕ್ಷನ್ 14 ಓದ್ರಿ, ಸಾಕ್ಷ್ಯ ಕಾಯ್ದೆ ಪ್ರಕಾರ ನಡೆಯದೇ ಇರೋ ರಿಪೋರ್ಟು, ಹೇಳಿಕೆ, ಕಾಗದ ಯಾವುದನ್ನಾದ್ರೂ ಫ್ಯಾಮಿಲಿ ಕೋರ್ಟು ತಗೋಬಹುದು. ಅಂದ್ರೆ ಆ ಕೋಣೇಲಿ ಸಿಟ್ಟಲ್ಲಿ ಆಡಿದ ಮಾತು ಜಡ್ಜ್ ಟೇಬಲ್ ಮೇಲೆ ಹೋಗುತ್ತೆ, ವಕೀಲರು ಪಕ್ಕದಲ್ಲಿ ಇರಲ್ಲ, "ಮೈ ಲಾರ್ಡ್ ಅದು ಅಪ್ರಸ್ತುತ" ಅನ್ನೋಕೆ ಅಲ್ಲಿ ಯಾರೂ ಇಲ್ಲ.

ಕೌನ್ಸೆಲರ್ ಮೇಡಂ ಅಲ್ಲಿ ಕೂತು ನೋಡ್ತಿರೋದು ಯಾರು ಒಳ್ಳೆಯವರು ಅಂತಲ್ಲ. ಮಗು ಸ್ಕೂಲಿಂದ ನಾಲ್ಕು ಗಂಟೆಗೆ ಬಂದಾಗ ಮನೇಲಿ ಯಾರಿರ್ತಾರೆ, ಜ್ವರ ಬಂದ್ರೆ ಯಾವ ಡಾಕ್ಟ್ರು, ಕ್ಲಾಸ್ ಟೀಚರ್ ಹೆಸರೇನು, ಕತ್ತಲೆಗೆ ಹೆದರುತ್ತಾ, ಅವ್ರ ಅಮ್ಮನ ಬಗ್ಗೆ ಮಾತು ಬಂದಾಗ ಅಪ್ಪನ ಮುಖ ಹೆಂಗಾಗುತ್ತೆ, ಅಪ್ಪನ ಸುದ್ದಿ ಬಂದಾಗ ಅಮ್ಮನ ದನಿ ಹೆಂಗಾಗುತ್ತೆ, ಇದು. ಅರ್ಧ ಗಂಟೆ ಸಿಗುತ್ತೆ ಅಂದ್ಕೊಳ್ರಿ, ಅದರಲ್ಲಿ ಇಪ್ಪತ್ತೈದು ನಿಮಿಷ ನೀವು ಎದುರು ಪಾರ್ಟಿ ಬಗ್ಗೆನೇ ಮಾತಾಡಿದ್ರೆ ರಿಪೋರ್ಟಲ್ಲಿ ಒಂದು ಸಾಲು ಬೀಳುತ್ತೆ, ತಂದೆಗೆ ಮಗುವಿಗಿಂತ ಹೆಂಡತಿ ಮೇಲಿನ ಸಿಟ್ಟೇ ಹೆಚ್ಚಾಗಿ ಕಂಡಿದೆ ಅಂತ. ಆ ಸಾಲನ್ನ ಆಮೇಲೆ ಅಳಿಸೋಕೆ ನಾನು ಎಷ್ಟು ಆರ್ಗ್ಯೂ ಮಾಡಿದ್ರೂ ಕಷ್ಟ.

ಮಗುಗೆ ಪಾಠ ಹೇಳಿಕೊಡೋದು ಇನ್ನೂ ಕೆಟ್ಟದ್ದು, ಇದನ್ನ ಹೆಚ್ಚಾಗಿ ಅಜ್ಜ ಅಜ್ಜಿ ಮಾಡ್ತಾರೆ, ಪ್ರೀತಿಯಿಂದಲೇ ಮಾಡ್ತಾರೆ ಪಾಪ. ಒಂದು ಕೇಸಲ್ಲಿ ಏಳು ವರ್ಷದ ಹುಡುಗ ಕೂತ್ಕೊಂಡ ತಕ್ಷಣ, ಯಾರೂ ಕೇಳದೇನೇ, "ನನಗೆ ಅಪ್ಪ ಬೇಡ, ಅಪ್ಪ ನಮಗೆ ಮಾನಸಿಕ ಹಿಂಸೆ ಕೊಟ್ಟಿದ್ದಾರೆ" ಅಂದಿದ್ದ. ಒಂದೇ ಉಸಿರಿಗೆ, ಪ್ರಾರ್ಥನೆ ಹೇಳೋ ರಾಗದಲ್ಲಿ. ಕೌನ್ಸೆಲರ್ ಆ ವಾಕ್ಯವನ್ನ ಕೊಟೇಶನ್ ಹಾಕಿ ಹಂಗೇ ಬರೆದು, ಆಮೇಲೆ ಮಗು ಮಂಡಕ್ಕಿ ಮೆಣಸಿನಕಾಯಿ ಬಗ್ಗೆ ಮಾತಾಡ್ತಾ ಅಪ್ಪ ಭಾನುವಾರ ಬೈಕಲ್ಲಿ ಕರ್ಕೊಂಡು ಹೋಗ್ತಿದ್ದನ್ನ ಖುಷಿಯಿಂದ ಹೇಳಿತು ಅಂತ ಕೆಳಗೆ ಸೇರಿಸಿದ್ರು, ಅಷ್ಟೇ, ತಮ್ಮ ಅಭಿಪ್ರಾಯ ಒಂದಕ್ಷರ ಇಲ್ಲ. ನಾನು ಆ ಕೇಸಲ್ಲಿ ತಾಯಿ ಪರ ಇದ್ದೆ. ಗಂಡ ಹೊಡೆದಿದ್ದು ನಿಜ ಇತ್ತು, ಆಸ್ಪತ್ರೆ ಚೀಟಿ ಇತ್ತು, ಆದ್ರೆ ಆ ರಿಪೋರ್ಟ್ ಬಂದ ಮೇಲೆ ನಾವು ಏನು ಹೇಳಿದ್ರೂ ಅದೂ ಹೇಳಿಕೊಟ್ಟಿದ್ದೇ ಇರ್ಬೇಕು ಅನ್ನೋ ವಾತಾವರಣ ಆಗಿಹೋಯ್ತು.

ಅದಕ್ಕೇ, ನಿಜವಾಗ್ಲೂ ಭಯ ಇದ್ರೆ, ಕುಡಿತ, ಹೊಡೆತ, ಮಗುವಿನ ಮೇಲೆ ಕೆಟ್ಟ ನಡತೆ, ಅದನ್ನ ಮೊದಲ ಭೇಟೀಲೇ ನೀವು ಹೇಳ್ರಿ, ಮಗು ಬಾಯಲ್ಲಿ ಹೇಳಿಸಬೇಡ್ರಿ. ದಿನಾಂಕ, ಜಾಗ, ಯಾರು ನೋಡಿದ್ರು, ಇಷ್ಟು ಸಾಕು, ವಿಶೇಷಣ ಬೇಡ. ಯಾರಾದ್ರೂ ಜತೆಗಿದ್ದಾಗ ಮಾತ್ರ ಭೇಟಿ ಆಗ್ಲಿ ಅಂತ ಕೋರ್ಟಿಗೆ ಕೇಳಬಹುದು. ಲೈಂಗಿಕ ದೌರ್ಜನ್ಯದ ಅನುಮಾನ ಇದ್ರೆ ಅದು 2012ರ ಪೋಕ್ಸೊ ಕಾಯ್ದೆ ವಿಷಯ, ಮುಂದಿನ ಡೇಟಿಗೆ ಕಾಯೋದಲ್ಲ, ಪೊಲೀಸ್ ಸ್ಟೇಷನ್ ಇಲ್ಲಾ ಮಕ್ಕಳ ಸಹಾಯವಾಣಿ 1098.

ಕೌನ್ಸೆಲರ್ ಮನೆ ನೋಡೋಕೆ ಬರ್ತಾರೆ ಅಂದಾಗ ನಮ್ಮ ಜನ ಹೆಣ್ಣು ನೋಡೋ ಶಾಸ್ತ್ರದ ಹಂಗೆ ತಯಾರಾಗ್ತಾರೆ. ಸೋದರಮಾವ, ಚಿಕ್ಕಪ್ಪ, ಬೀದಿ ಹಿರಿಯರು, ಹನ್ನೆರಡು ಜನ ಹಾಲಲ್ಲಿ ಕೂತು ಒಬ್ಬೊಬ್ಬರೂ ಸರ್ಟಿಫಿಕೇಟ್ ಕೊಡೋರೇ. ಒಂದು ಮನೇಲಿ ಬೆಣ್ಣೆ ದೋಸೆ ಪಾರ್ಸೆಲ್ ತರಿಸಿದ್ರಂತೆ, ಮೇಡಂ ನೀರು ಕುಡಿದು ಎದ್ದು ಬಂದ್ರು. ಬೆಲೆ ಚೀಟಿ ಕೀಳದೇ ಇರೋ ಹೊಸ ಸೈಕಲ್ಲು ಮೂಲೇಲಿ ನಿಂತಿದ್ರೆ ಅದೂ ರಿಪೋರ್ಟಲ್ಲಿ ಬರುತ್ತೆ. ಮಗು ಎಲ್ಲಿ ಮಲಗುತ್ತೆ, ಎಲ್ಲಿ ಓದುತ್ತೆ, ಬಚ್ಚಲು ಎಲ್ಲಿ, ಅಷ್ಟು ತೋರಿಸ್ರಿ. ಬಾಡಿಗೆ ಮನೆ ಒಂದೇ ರೂಮು ಅಂತ ಸಂಕೋಚ ಬೇಡ, ಬಡತನಕ್ಕೆ ವಿಸಿಟೇಷನ್ ತಪ್ಪಿಸಿದ್ದು ನಾನಂತೂ ನೋಡಿಲ್ಲ.

ಮೊಬೈಲ್ ಜೇಬಲ್ಲಿ ಆನ್ ಮಾಡ್ಕೊಂಡು ಕೌನ್ಸೆಲರ್ ಮಾತು ರೆಕಾರ್ಡ್ ಮಾಡೋದು, ಮಗು ಅಳೋದನ್ನ ವಿಡಿಯೋ ಮಾಡೋದು, ದಯವಿಟ್ಟು ಬೇಡ. ಅಳ್ತಿರೋ ಮಗುನ ಎತ್ಕೊಳ್ಳದೆ ವಿಡಿಯೋ ಯಾಕೆ ಮಾಡಿದ್ರಿ ಅಂತ ಜಡ್ಜು ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಮಗು ಯಾರ ಹತ್ರನೇ ಇರ್ಲಿ, ಇನ್ನೊಬ್ಬರ ಸಂಪರ್ಕ ಕಡಿಯೋ ಹಂಗಿಲ್ಲ. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೇಲಿ (ಅಪ್ರಾಪ್ತ ಮಕ್ಕಳ ಪೋಷಕತ್ವದ ಕಾಯ್ದೆ) ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರ ಅಂತಿದೆ, ಅದನ್ನ ಓದಿ ಅಪ್ಪಂದಿರು ಬೇಜಾರಾಗ್ತಾರೆ, ಅಮ್ಮಂದಿರು ಗೆದ್ವಿ ಅಂತಾರೆ. ಅದು ಕಸ್ಟಡಿ ಮಾತು. ಯಶಿತಾ ಸಾಹು ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಭೇಟಿ ಬೇರೆ, ಸಂಪರ್ಕ ಬೇರೆ ಅಂತ ಬಿಡಿಸಿ ಹೇಳಿ, ದಿನಾ ಐದು ಹತ್ತು ನಿಮಿಷ ಫೋನಲ್ಲೋ ವಿಡಿಯೋ ಕಾಲಲ್ಲೋ ಮಾತಾಡೋದು ಇನ್ನೊಬ್ಬರ ಹಕ್ಕು ಅಂದಿದೆ. ಹಂಗಾಗಿ ಕೌನ್ಸೆಲರ್ ಮುಂದೆ ಬರೀ "ನನಗೆ ಮಗು ಬೇಕು" ಅನ್ನಬೇಡ್ರಿ, ಯಾವ ವಾರ, ಎಷ್ಟು ಗಂಟೆ, ಎಲ್ಲಿ, ಯಾರು ಕರ್ಕೊಂಡು ಬರ್ತಾರೆ, ಪರೀಕ್ಷೆ ಟೈಮಲ್ಲಿ ಹೆಂಗೆ, ಬೇಸಿಗೆ ರಜೆ ಎಷ್ಟು ದಿನ, ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೇಲಿ ಮಗು ಯಾರ ಮನೇಲಿ, ಇದನ್ನ ಬರ್ಕೊಂಡು ಹೋಗ್ರಿ. ನಗಬೇಡ್ರಿ, ಜಾತ್ರೆಗಾಗಿ ಐಎ ಹಾಕಿದವರಿದ್ದಾರೆ.

ರಿಪೋರ್ಟ್ ತಪ್ಪಾಗಿ ಬಂದ್ರೆ? ಬರುತ್ತೆ, ಅವರೂ ಮನುಷ್ಯರೇ. ಇಲ್ಲಿ ನನ್ನದೇ ಒಂದು ತಪ್ಪು ಹೇಳ್ಬೇಕು. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಒಂದು ರಿಪೋರ್ಟಿಗೆ ಆರು ಪುಟ ಆಬ್ಜೆಕ್ಷನ್ ಹಾಕಿದ್ದೆ, ಕೌನ್ಸೆಲರ್ ಪಕ್ಷಪಾತಿ, ಪೂರ್ವಗ್ರಹ, ಇನ್ನೇನೇನೋ ದೊಡ್ಡ ದೊಡ್ಡ ಪದ. ಜಡ್ಜು ಎರಡನೇ ಪುಟ ತಿರುಗಿಸಲೂ ಇಲ್ಲ. ನಿಜವಾದ ತಪ್ಪು ಏನಿತ್ತಂದ್ರೆ, ತಂದೆ ಎರಡು ಸಲ ಭೇಟಿಗೆ ಬಂದಿಲ್ಲ ಅಂತ ಬರೆದಿತ್ತು, ಆ ಎರಡು ದಿನವೂ ಅವರು ಬಂದು ರಿಜಿಸ್ಟರಲ್ಲಿ ಸಹಿ ಹಾಕಿದ್ರು. ಅದನ್ನ ನಾನು ಐದನೇ ಪುಟದಲ್ಲಿ ಹೂತು ಹಾಕಿದ್ದೆ. ಈಗೆಲ್ಲಾ ಕಾಪಿ ಅರ್ಜಿ ಹಾಕಿ ರಿಪೋರ್ಟ್ ತಗೊಂಡು, ಯಾವ ಪ್ಯಾರಾ, ಏನು ತಪ್ಪು, ಅದಕ್ಕೆ ಯಾವ ಕಾಗದ, ಒಂದೇ ಹಾಳೆ. ಅಭಿಪ್ರಾಯದ ಜತೆ ಜಗಳ ಆಡಲ್ಲ, ಸಂಗತಿ ತಿದ್ತೀನಿ, ಬೇಕಿದ್ರೆ ಇನ್ನೊಂದು ಸಲ ಮಗುನ ಮಾತಾಡಿಸಿ ಅಂತ ಕೇಳ್ತೀನಿ.

ಹರಿಹರದವರು ಮಾರನೇ ದಿನ ಫೈಲ್ ಬಿಟ್ಟು ಹೋಗಿ ಕಿವಿ ಹಿಡ್ಕೊಂಡು ಮಲಗೋ ವಿಷಯ ಹೇಳಿದ್ರಂತೆ. ಹೊರಗೆ ಬೆಂಚ್ ಮೇಲೆ ಕೂತಿದ್ದ ತಾಯಿನ ಒಳಗೆ ಕರೆದು ಕೇಳಿದಾಗ, ಈಗ ನನ್ನ ಕಿವಿ ಹಿಡೀತಾಳೆ ಅಂದ್ರಂತೆ. ಮಧ್ಯಂತರ ಆರ್ಡರ್ ಪ್ರಕಾರ ಈಗ ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಹೊತ್ತು ಎರಡು ಗಂಟೆ ಕಾಲ, ಗ್ಲಾಸ್ ಹೌಸ್ ಹತ್ರ. ಹೆಣ್ಣಿನ ಕಡೆಯವರು ಇನ್ನೂ ಇಪ್ಪತ್ತು ನಿಮಿಷ ಲೇಟಾಗೇ ಕರ್ಕೊಂಡು ಬರ್ತಾರೆ, ಅದಕ್ಕೆ ಕೋರ್ಟಿಗೊಂದು ಮೆಮೊ ಹಾಕ್ಬೇಕು. ಮೊನ್ನೆ ಬಂದಾಗ ಆ ಫೈಲ್ ಏನ್ ಮಾಡ್ಲಿ ಮೇಡಂ ಅಂದ್ರು. ಇಟ್ಕೊಳ್ರಿ, ಡೈವೋರ್ಸ್ ಕೇಸಲ್ಲಿ ಕ್ರಾಸಿಗೆ (ಪಾಟೀ ಸವಾಲಿಗೆ) ಬೇಕಾಗುತ್ತೆ ಅಂದೆ.